ಹೊರರಾಜ್ಯದ ಕಾಲೇಜಿಗೆ ಸಾಲ ಮಾಡಬೇಕೇ? ಪೋಷಕರ ಬಳಗದಲ್ಲಿ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಸಿಇಟಿ ಮೊದಲ ಸುತ್ತಿನ ಸೀಟು ಹಂಚಿಕೆ ಬಂದಿದೆ. ಬಳಗದ ಅರ್ಧದಷ್ಟು ಮನೆಗಳಲ್ಲಿ ಈಗ ಒಂದೇ ಮಾತು: ಇಲ್ಲಿ ಸಿಕ್ಕಿದ್ದಕ್ಕೆ ಸೇರಿಸುವುದೋ, ಸಾಲ ಮಾಡಿ ಹೊರಗೆ ಕಳಿಸುವುದೋ. ವಿದ್ಯಾಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದ ನಮ್ಮ ಸದಸ್ಯೆಯೊಬ್ಬರು ಇಂದು ಉತ್ತರಿಸುತ್ತಾರೆ. ಅವರನ್ನು ಎಲ್ಲರೂ 'ಮೇಡಂ' ಎಂದೇ ಕರೆಯುತ್ತೇವೆ. ಒಬ್ಬರಿಗೆ ಒಂದೇ ಪ್ರಶ್ನೆ.

ತೀರ್ಥಹಳ್ಳಿ ಕಡೆಯ ತಾಯಿ: ನಮಸ್ಕಾರ ಮೇಡಂ. ಮಗನಿಗೆ ಸಿಇಟಿಯಲ್ಲಿ ಹಾಸನದ ಅನುದಾನಿತ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿದೆ. ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ 2 ಲಕ್ಷ ಆಗಬಹುದು. ಚೆನ್ನೈ ಹತ್ತಿರದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಕೊಡುತ್ತಾರೆ, ವರ್ಷಕ್ಕೆ ನಾಲ್ಕೂವರೆ ಲಕ್ಷ. ಮಗನಿಗೆ ಅದೇ ಬೇಕು. ನಮ್ಮ ಯಜಮಾನರು ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರು, 57 ವರ್ಷ. ಕೈಗೆ ಬರುವ ಸಂಬಳ 68 ಸಾವಿರ. ಮನೆ ಅವರ ಹೆಸರಿನಲ್ಲಿದೆ, ಸಾಲವಿಲ್ಲ. ಮನೆಯನ್ನು ಅಡಮಾನ ಇಟ್ಟರೆ ಬ್ಯಾಂಕು 18 ಲಕ್ಷ ಕೊಡುತ್ತದೆ, ಶೇಕಡಾ 11 ಬಡ್ಡಿ. ಮಗಳು ಎಸ್ಸೆಸ್ಸೆಲ್ಸಿ. ಶುಕ್ರವಾರದೊಳಗೆ 50 ಸಾವಿರ ಕಟ್ಟಿ ಸೀಟು ಕಾದಿರಿಸಬೇಕೆಂದು ಏಜೆಂಟ್ ಹೇಳುತ್ತಿದ್ದಾರೆ. ಏನು ಮಾಡಲಿ?

ಮೇಡಂ: ಅಮ್ಮಾ, ಮೊದಲು ಶುಕ್ರವಾರದ ಮಾತು ಬಿಡಿ. ಅದು ಏಜೆಂಟನ ಗಡುವು, ನಿಮ್ಮದಲ್ಲ. ಉಳಿದದ್ದನ್ನು ನಿಧಾನವಾಗಿ ಓದಿ, ಯಜಮಾನರಿಗೂ ತೋರಿಸಿ.

ನೀವು 18 ಲಕ್ಷ ಎಂದು ಬರೆದಿದ್ದೀರಿ. ನೀವು ತೀರಿಸಬೇಕಾದದ್ದು 18 ಲಕ್ಷವಲ್ಲ. ಬ್ಯಾಂಕು ವರ್ಷಕ್ಕೆ ನಾಲ್ಕೂವರೆ ಲಕ್ಷದಂತೆ ನಾಲ್ಕು ಸಲ ಹಣ ಬಿಡುಗಡೆ ಮಾಡುತ್ತದೆ. ಓದುವ ನಾಲ್ಕು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ಇರುತ್ತದೆ. ಮೊದಲ ವರ್ಷ ಕೊಟ್ಟ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ. ಸರಳ ಬಡ್ಡಿಯ ಲೆಕ್ಕದಲ್ಲೇ 6.93 ಲಕ್ಷ ಸೇರುತ್ತದೆ. ಮೊದಲ ಕಂತಿನ ದಿನ ನಿಮ್ಮ ಸಾಲ 24.93 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ 34 ಸಾವಿರಕ್ಕೂ ಸ್ವಲ್ಪ ಹೆಚ್ಚು, ಒಟ್ಟು 41 ಲಕ್ಷ. ಹದಿನೈದು ವರ್ಷಕ್ಕೆ ಎಳೆದರೆ ಕಂತು 28 ಸಾವಿರಕ್ಕೆ ಇಳಿಯುತ್ತದೆ, ಒಟ್ಟು 51 ಲಕ್ಷಕ್ಕೆ ಏರುತ್ತದೆ. ಈ ದರವೂ ಸ್ಥಿರವಲ್ಲ, ಏರಿಳಿಯುವಂಥದ್ದು.

ಈಗ ಯಜಮಾನರ ವಯಸ್ಸನ್ನು ಪಕ್ಕದಲ್ಲಿಟ್ಟು ನೋಡಿ. ಅವರಿಗೆ 60 ತುಂಬುವಾಗ ಮಗ ಮೂರನೇ ವರ್ಷ ಮುಗಿಸಿರುತ್ತಾನೆ. ಕಂತು ಶುರುವಾಗುವಾಗ ಸಂಬಳ ನಿಂತು ಎರಡು ವರ್ಷವಾಗಿರುತ್ತದೆ, ಪಿಂಚಣಿ ಮಾತ್ರ ಬರುತ್ತಿರುತ್ತದೆ. ಅವರು ಈ ಸಾಲಕ್ಕೆ ಸಹ-ಸಾಲಗಾರರು. ಮಗನ ಕೆಲಸ ಆರು ತಿಂಗಳು ತಡವಾದರೆ ಬ್ಯಾಂಕಿನವರು ಫೋನ್ ಮಾಡುವುದು ಮಗನಿಗಲ್ಲ, ಮೇಷ್ಟರಿಗೆ. 90 ದಿನ ಸುಸ್ತಿಯಾದರೆ ಖಾತೆ ಅನುತ್ಪಾದಕ ಎಂದು ನಮೂದಾಗುತ್ತದೆ, ಆಮೇಲೆ 60 ದಿನದ ನೋಟಿಸು. ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಳ್ಳಲು ಬಿಡುವ ಈ ಸರ್ಫೇಸಿ ಕಾನೂನು ಅಡಮಾನದ ಮನೆಗೆ ಪೂರ್ತಿಯಾಗಿ ಅನ್ವಯಿಸುತ್ತದೆ. ನಿವೃತ್ತ ತಂದೆಯೊಬ್ಬರು ಕೌಂಟರಿನ ಮುಂದೆ ಕುಳಿತು, 'ಮಗನಿಗೆ ಗೊತ್ತಾಗುವುದು ಬೇಡ, ನನ್ನ ಠೇವಣಿ ಮುರಿದುಕೊಳ್ಳಿ' ಎಂದು ಹೇಳುವುದನ್ನು ನಾನು ನನ್ನ ಶಾಖೆಯಲ್ಲಿ ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಮಗಳ ವಿಷಯವನ್ನು ನೀವು ಒಂದೇ ಪದದಲ್ಲಿ ಮುಗಿಸಿದ್ದೀರಿ. ಮೂರು ವರ್ಷದಲ್ಲಿ ಅವಳೂ ಇದೇ ಬಾಗಿಲಿಗೆ ಬರುತ್ತಾಳೆ. ಆಗ ಸಂಬಳ ನಿಂತಿರುತ್ತದೆ, ಮನೆ ಬ್ಯಾಂಕಿನಲ್ಲಿರುತ್ತದೆ. ಅವಳಿಗೆ ಏನನ್ನು ಅಡವಿಡುತ್ತೀರಿ?

ಹಾಸನದ ಲೆಕ್ಕ ನೋಡಿ. ಮೊದಲ ಎರಡು ವರ್ಷ ಸಂಬಳದಿಂದಲೇ ಕಟ್ಟಬಹುದು. ಕೊನೆಯ ಎರಡು ವರ್ಷಕ್ಕೆ 4 ಲಕ್ಷ ಸಾಲ ತೆಗೆದರೆ ಅಡಮಾನ ಬೇಕಿಲ್ಲ. ಇದೇ ಬಡ್ಡಿಯಲ್ಲಿ ಕಂತು ಶುರುವಾಗುವಾಗ 5.10 ಲಕ್ಷ, ಹತ್ತು ವರ್ಷಕ್ಕೆ ತಿಂಗಳಿಗೆ 7 ಸಾವಿರ. ಈ ಕಂತನ್ನು ಸಾಧಾರಣ ಕೆಲಸ ಸಿಕ್ಕ ಹುಡುಗನೂ ಕಟ್ಟುತ್ತಾನೆ. 34 ಸಾವಿರವನ್ನು ಕಟ್ಟಲು ಒಳ್ಳೆಯ ಕೆಲಸವೇ ಸಿಗಬೇಕು, ಅದೂ ಸಮಯಕ್ಕೆ ಸರಿಯಾಗಿ.

ದಾವಣಗೆರೆ: ಮೇಡಂ, ಏಳೂವರೆ ಲಕ್ಷದವರೆಗೆ ಜಾಮೀನು ಬೇಡವೇ?

ಮೇಡಂ: 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಏಳೂವರೆವರೆಗೆ ಸರ್ಕಾರದ ಸಾಲ ಖಾತರಿ ನಿಧಿಯ ಅಡಿ ಅಡಮಾನವಿಲ್ಲದೆ ಕೊಡಬಹುದು. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಲೇಬೇಕು.

ಚಿತ್ರದುರ್ಗ: ಎಲ್ಲರಿಗೂ ಉಪಯೋಗವಾಗಲಿ ಎಂದು ಹಂಚುತ್ತಿದ್ದೇನೆ: 'ಕೇಂದ್ರ ಸರ್ಕಾರದಿಂದ ಎಲ್ಲ ವಿದ್ಯಾಸಾಲ ಮನ್ನಾ. ಕೆಲಸ ಸಿಗದಿದ್ದರೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಈ ಸಂದೇಶವನ್ನು ಹತ್ತು ಗುಂಪುಗಳಿಗೆ ಕಳುಹಿಸಿ.'

ಮೇಡಂ: ಸುಳ್ಳು. ಅಂಥ ಮನ್ನಾ ಇಲ್ಲ. ಕೆಲಸ ಸಿಗಲಿ, ಬಿಡಲಿ, ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರು. ದಯವಿಟ್ಟು ಇದನ್ನು ಬೇರೆ ಗುಂಪುಗಳಿಗೆ ಕಳುಹಿಸಬೇಡಿ. ಇದನ್ನು ನಂಬಿ ಕಂತು ನಿಲ್ಲಿಸಿದವರ ಹೆಸರು ಸಾಲದ ಇತಿಹಾಸ ದಾಖಲಿಸುವ ಸಿಬಿಲ್‌ನಲ್ಲಿ ಕೆಡುತ್ತದೆ. ಹುಡುಗನದ್ದಷ್ಟೇ ಅಲ್ಲ, ಅಪ್ಪನದ್ದೂ.

ಬಳ್ಳಾರಿಯ ತಂದೆ: ಮೇಡಂ, ಮಗಳಿಗೆ ವಾರಂಗಲ್ ಎನ್‌ಐಟಿಯಲ್ಲಿ ಎಲೆಕ್ಟ್ರಿಕಲ್ ಸಿಕ್ಕಿದೆ. ಸಿಇಟಿಯಲ್ಲೂ ಒಳ್ಳೆಯ ರ‍್ಯಾಂಕ್ ಇದೆ. ನನ್ನದು ಸಣ್ಣ ಬಿಡಿಭಾಗಗಳ ಅಂಗಡಿ, ವರ್ಷದ ಆದಾಯ 4 ಲಕ್ಷ. ಹೊರರಾಜ್ಯಕ್ಕೆ ಸಾಲ ಬೇಡವೆಂದು ಮೇಲೆ ಬರೆದಿದ್ದೀರಿ. ನಾವೂ ಬಿಡಬೇಕೇ?

ಮೇಡಂ: ಬಿಡಬೇಡಿ! ಹೊರರಾಜ್ಯ ಬೇಡವೆಂದು ನಾನು ಎಲ್ಲಿಯೂ ಬರೆದಿಲ್ಲ. ತೀರಿಸಲಾಗದ ಸಾಲ ಬೇಡವೆಂದಿದ್ದೇನೆ.

ನಿಮ್ಮ ಲೆಕ್ಕವೇ ಬೇರೆ. ಎನ್‌ಐಟಿಯ ಬೋಧನಾ ಶುಲ್ಕ ವರ್ಷಕ್ಕೆ 1.25 ಲಕ್ಷ. ಕುಟುಂಬದ ಆದಾಯ 1 ಲಕ್ಷದಿಂದ 5 ಲಕ್ಷದೊಳಗೆ ಇದ್ದರೆ ಮೂರರಲ್ಲಿ ಎರಡು ಪಾಲು ಮನ್ನಾ. ನೀವು ಬೋಧನಾ ಶುಲ್ಕವೆಂದು ಕಟ್ಟುವುದು 42 ಸಾವಿರದ ಹತ್ತಿರ, ಮೇಲೆ ಹಾಸ್ಟೆಲ್ ಮತ್ತು ಊಟ. ಅದಕ್ಕೆ 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅರ್ಜಿ ಹಾಕಿ. ಅಡಮಾನವೂ ಬೇಡ, ಹೊರಗಿನ ಜಾಮೀನುದಾರರೂ ಬೇಡ. ಆದಾಯ ನಾಲ್ಕೂವರೆ ಲಕ್ಷದೊಳಗಿರುವವರ ಮಕ್ಕಳಿಗೆ ತಾಂತ್ರಿಕ ಕೋರ್ಸಿನಲ್ಲಿ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಇವತ್ತೇ ತಹಶೀಲ್ದಾರರ ಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಜಾತಿ-ಆದಾಯ ಪತ್ರದಲ್ಲಿ ಇರುವ ಹೆಸರು, ಮಗಳ ಅಂಕಪಟ್ಟಿಯ ಹೆಸರು, ಆಧಾರ್‌ನ ಹೆಸರು ಒಂದೇ ರೀತಿ ಇರಬೇಕು. ಒಂದು ಇನಿಷಿಯಲ್ ಹಿಂದೆಮುಂದೆ ಆದರೂ ಅರ್ಜಿ ವಾಪಸು ಬರುತ್ತದೆ.

ಹುಬ್ಬಳ್ಳಿ: ಹೆಣ್ಣುಮಗಳನ್ನು ಸಾಲ ಮಾಡಿ ಪರರಾಜ್ಯಕ್ಕೆ ಕಳುಹಿಸುವುದು ಯಾಕೆ? ನಾಳೆ ಮದುವೆಯಾದರೆ ಕಂತು ಯಾರು ಕಟ್ಟಬೇಕು? ಗಂಡುಮಗನಾದರೆ ಸಾಲಕ್ಕೆ ಅರ್ಥವಿದೆ.

ಮೇಡಂ: ಅವಳೇ ಕಟ್ಟುತ್ತಾಳೆ. ನಾನು ಮಂಜೂರು ಮಾಡಿದ ಸಾಲಗಳಲ್ಲಿ ಹೆಣ್ಣುಮಕ್ಕಳದ್ದು ಸುಸ್ತಿಯಾದದ್ದು ಕಡಿಮೆ.

ಹುಬ್ಬಳ್ಳಿ: ನಿಮ್ಮ ಅನುಭವ ಇರಬಹುದು ಮೇಡಂ. ಸಮಾಜ ಹೇಗಿದೆಯೋ ಹಾಗೆ ಹೇಳಿದೆ.

ಗದಗದ ಉಪನ್ಯಾಸಕಿ: ಹುಬ್ಬಳ್ಳಿಯವರೇ, ಆ ಹುಡುಗಿ ಎನ್‌ಐಟಿ ಸೀಟು ತೆಗೆದುಕೊಂಡದ್ದು ತನ್ನ ರ‍್ಯಾಂಕಿನಿಂದ, ನಿಮ್ಮ ಸಮಾಜದ ಅನುಮತಿಯಿಂದಲ್ಲ. ಅವರ ಅಪ್ಪ ಧೈರ್ಯ ಮಾಡಿ ಕೇಳಿದ್ದಾರೆ. ಇಂಥ ಮಾತಿನಿಂದ ಹಿಂಜರಿಯುವಂತೆ ಮಾಡಬೇಡಿ.

ಕಾಸರಗೋಡು: ನಾವು ಗಡಿನಾಡ ಕನ್ನಡಿಗರು. ಮಗ ಆ ಕಲಂನಲ್ಲಿ ಸಿಇಟಿ ಸೀಟು ಪಡೆದಿದ್ದಾನೆ. ನಮ್ಮ ಖಾತೆ ಇರುವುದು ಕೇರಳದ ಶಾಖೆಯಲ್ಲಿ. ಸಾಲಕ್ಕೆ ಅಲ್ಲಿಯೇ ಕೇಳಬೇಕೋ, ಕಾಲೇಜಿನ ಊರಿನಲ್ಲೋ?

ವೈಟ್‌ಫೀಲ್ಡ್: ಮೇಡಂ ಅವರ ಲೆಕ್ಕ ಸರಿ, ಆದರೆ ಅದರಲ್ಲಿ ಭವಿಷ್ಯ ಇಲ್ಲ. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ನೇಮಕಾತಿ ನೋಡುತ್ತೇನೆ. ಜಿಲ್ಲಾ ಕೇಂದ್ರದ ಕಾಲೇಜುಗಳಿಗೆ ನಾವು ಹೋಗುವುದೇ ಇಲ್ಲ. ಚೆನ್ನೈಯ ಆ ಮಟ್ಟದ ವಿಶ್ವವಿದ್ಯಾಲಯಗಳಿಗೆ ಪ್ರತಿ ವರ್ಷ ಹೋಗುತ್ತೇವೆ. ತೀರ್ಥಹಳ್ಳಿಯ ಹುಡುಗನ ಆಸೆಯನ್ನು ಕಂತಿನ ಲೆಕ್ಕ ತೋರಿಸಿ ಚಿವುಟುವುದು ಸರಿಯಲ್ಲ.

ಮಂಡ್ಯ: ನಾನು ಓದಿದ್ದು ಮಂಡ್ಯದಲ್ಲಿಯೇ, ಸರ್ಕಾರಿ ಸೀಟಿನಲ್ಲಿ. ಕಂಪನಿ ಕಾಲೇಜಿಗೆ ಬರಲಿಲ್ಲ, ನಾನೇ ಬೆಂಗಳೂರಿಗೆ ಹೋಗಿ ಕೆಲಸ ಹುಡುಕಿದೆ. ಸಾಲವಿರಲಿಲ್ಲ, ಹಾಗಾಗಿ ಮೊದಲು ಸಿಕ್ಕ ಕೆಲಸಕ್ಕೆ ಕುತ್ತಿಗೆ ಕೊಡದೆ ಇಷ್ಟಪಟ್ಟ ಕೆಲಸಕ್ಕೆ ಕಾದೆ. ಇದು ನಿಮ್ಮ ಲೆಕ್ಕದಲ್ಲಿ ಇದೆಯೇ?

ವೈಟ್‌ಫೀಲ್ಡ್: ಒಬ್ಬರ ಉದಾಹರಣೆಯಿಂದ ನಿಯಮ ಆಗುವುದಿಲ್ಲ.

ಮಂಡ್ಯ: ನಿಮ್ಮ ಒಂದು ಕಂಪನಿಯಿಂದಲೂ ಆಗುವುದಿಲ್ಲ.

ವೈಟ್‌ಫೀಲ್ಡ್: ಊರಿನ ಅಭಿಮಾನಕ್ಕೆ ಮಕ್ಕಳನ್ನು ಬಲಿ ಕೊಡುವುದಾದರೆ ಕೊಡಿ.

ಗದಗದ ಉಪನ್ಯಾಸಕಿ: ಮನೆಯನ್ನು ಬಲಿ ಕೊಡಬೇಕಾದವರು ನೀವಲ್ಲವಲ್ಲ, ಅದಕ್ಕೇ ಇಷ್ಟು ಸುಲಭವಾಗಿ ಬರೆಯುತ್ತೀರಿ.

ಮೇಡಂ: ವೈಟ್‌ಫೀಲ್ಡ್‌ನವರ ಮಾತಿನಲ್ಲಿ ತಿರುಳಿದೆ, ತೆಗೆದುಹಾಕುವುದಿಲ್ಲ. ಆದರೆ 'ಹೋಗುತ್ತೇವೆ' ಎಂದರೆ ಸಾಲದು. ಎಷ್ಟು ಮಂದಿಯನ್ನು ತೆಗೆದುಕೊಳ್ಳುತ್ತೀರಿ? ಖಾಸಗಿ ವಿಶ್ವವಿದ್ಯಾಲಯ ಒಂದೊಂದು ವಿಭಾಗಕ್ಕೆ ಎಷ್ಟು ಸೆಕ್ಷನ್ ತುಂಬಿಸುತ್ತದೆ ಎಂಬುದನ್ನು ಮೊದಲು ನೋಡಬೇಕು. ಜಾಹೀರಾತಿನಲ್ಲಿ ಅತಿ ಹೆಚ್ಚು ಸಂಬಳದ ಒಬ್ಬ ಹುಡುಗನ ಫೋಟೋ ಇರುತ್ತದೆ. ಪೋಷಕರು ಕೇಳಬೇಕಾದದ್ದು ಮೂರು ಸಂಗತಿ. ಆ ವಿಭಾಗದಿಂದ ಕಳೆದ ವರ್ಷ ಎಷ್ಟು ಮಂದಿ ಹೊರಬಂದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಲ್ಲರನ್ನೂ ಸಂಬಳದ ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವಿನ ಹುಡುಗನಿಗೆ ಎಷ್ಟು. ಸರಾಸರಿ ಹೇಳಿದರೆ ಒಪ್ಪಬೇಡಿ, ಮೇಲಿನ ನಾಲ್ಕು ಮಂದಿ ಅದನ್ನು ಎತ್ತಿಬಿಡುತ್ತಾರೆ. ಬರಹದಲ್ಲಿ ಕೊಡದ ಕಾಲೇಜಿಗೆ ಮನೆಯ ಪತ್ರ ಒತ್ತೆ ಇಡಬೇಡಿ.

ದಾವಣಗೆರೆ: ಮೇಡಂ, ಜಾಮೀನು ಇಲ್ಲದೆ 10 ಲಕ್ಷ ಸಿಗುತ್ತದೆಯೇ?

ಮೇಡಂ: ಮೇಲೆ ಓದಿ.

ತುಮಕೂರು: ಪಿಎಂ ವಿದ್ಯಾಲಕ್ಷ್ಮಿ ಎಲ್ಲರಿಗೂ ಬಡ್ಡಿರಹಿತವಂತೆ, ನಿಜವೇ?

ಮೇಡಂ: ಅಲ್ಲ. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಆದಾಯ 8 ಲಕ್ಷದವರೆಗೆ ಇದ್ದರೆ 10 ಲಕ್ಷದ ಸಾಲದವರೆಗೆ, ಓದುವ ಕಾಲದ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ.

ತುಮಕೂರು: ಹಾಗಾದರೆ ನಮಗೆ ಸಿಗುವುದೇ ಇಲ್ಲವೇ? ನಮ್ಮ ಆದಾಯ 6 ಲಕ್ಷ, ಮಗನ ಸಿಇಟಿ ರ‍್ಯಾಂಕ್ ಪರವಾಗಿಲ್ಲ.

ಮೇಡಂ: ನಿಮಗೆ ಅದಕ್ಕಿಂತ ಒಳ್ಳೆಯದು ಇದೆ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಸೀಟುಗಳಿವೆ. ಪ್ರತಿ ಕೋರ್ಸಿನಲ್ಲಿ ಶೇಕಡಾ 5ರಷ್ಟು ಹೆಚ್ಚುವರಿ ಸೀಟು, ಆದಾಯ 8 ಲಕ್ಷದೊಳಗಿನವರಿಗೆ, ಬೋಧನಾ ಶುಲ್ಕ ಮನ್ನಾ. ಅರ್ಜಿಯಲ್ಲಿ ಕೇಳಿದ್ದೀರಾ, ಆದಾಯ ಪತ್ರದ ಸಂಖ್ಯೆ ಸರಿಯಾಗಿ ತುಂಬಿದ್ದೀರಾ ನೋಡಿ. ಸಾಲ ಮಾಡುವ ಮೊದಲು ಇಂಥದ್ದನ್ನು ಹುಡುಕಬೇಕು.

ಚಿತ್ರದುರ್ಗ: ಇನ್ನೊಂದು ಬಂದಿದೆ: 'ಏಳು ವರ್ಷ ಕಟ್ಟದೆ ಇದ್ದರೆ ಸಾಲ ತಾನಾಗಿ ರದ್ದು. ಕೃಷಿ ಜಮೀನಿದ್ದವರನ್ನು ಬ್ಯಾಂಕು ಮುಟ್ಟುವಂತಿಲ್ಲ.'

ಮೇಡಂ: ಚಿತ್ರದುರ್ಗದವರೇ, ಇದು ಎರಡನೆಯ ಸಲ. ಯಾವ ಸಾಲವೂ ತಾನಾಗಿ ರದ್ದಾಗುವುದಿಲ್ಲ, ಬಡ್ಡಿ ಬೆಳೆಯುತ್ತದೆ. ಕೃಷಿ ಜಮೀನಿಗೆ ಸರ್ಫೇಸಿ ಎಂಬ ಆ ಒಂದು ಕಾನೂನು ಅನ್ವಯಿಸುವುದಿಲ್ಲ ಎಂದ ಮಾತ್ರಕ್ಕೆ ಬ್ಯಾಂಕು ನ್ಯಾಯಾಲಯಕ್ಕೆ ಹೋಗುವುದನ್ನು ಯಾರೂ ತಡೆಯುವುದಿಲ್ಲ. ಯಾರೋ ಹೆಸರಿಲ್ಲದವರು ಬರೆದದ್ದನ್ನು ನೀವು ಹಂಚುತ್ತೀರಿ, ಅನುಭವಿಸುವುದು ಓದಿ ನಂಬಿದ ಮನೆ.

ಚಿತ್ರದುರ್ಗ: ಒಳ್ಳೆಯ ಉದ್ದೇಶದಿಂದ ಹಾಕಿದೆ. ಇಷ್ಟು ಗದರಿಸುವ ಅಗತ್ಯವಿರಲಿಲ್ಲ.

ಮಂಡ್ಯ: ಅಗತ್ಯವಿತ್ತು.

ನಿರ್ವಾಹಕರು: ಬಂದ ಸಂದೇಶಗಳನ್ನು ಇನ್ನು ಹಂಚಬೇಡಿ. ಹಂಚಿದರೆ ಅಳಿಸಲಾಗುವುದು.

ಹುಬ್ಬಳ್ಳಿ: ಇಲ್ಲಿ ಮಾತನಾಡುವ ಸ್ವಾತಂತ್ರ್ಯ ಕೆಲವರಿಗೆ ಮಾತ್ರ ಎಂದು ಅರ್ಥವಾಯಿತು.

ಕಾಸರಗೋಡು: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ. ಕೇರಳದ ಶಾಖೆಯೋ, ಕರ್ನಾಟಕದ್ದೋ?

ಸಾಗರ: ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ, ಅದನ್ನು ಲೆಕ್ಕ ಹಿಡಿದರೆ ಹೊರೆ ಇಳಿಯುವುದಿಲ್ಲವೇ?

ಮೇಡಂ: ವಿನಾಯಿತಿ ಇದೆ. ಬಡ್ಡಿಗೆ ಮಾತ್ರ, ಎಂಟು ವರ್ಷ ಮಾತ್ರ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅದನ್ನು ನಂಬಿ ಸಾಲದ ಮೊತ್ತ ಏರಿಸಬೇಡಿ.

ತೀರ್ಥಹಳ್ಳಿ ಕಡೆಯ ತಾಯಿ: ಮೇಡಂ, ನಿಮ್ಮ ಲೆಕ್ಕವನ್ನು ಯಜಮಾನರು ಕಾಗದದ ಮೇಲೆ ಮತ್ತೆ ಹಾಕಿ ನೋಡಿದರು. ಮಗ ಓದಿ ಸಿಟ್ಟಾಗಿ ಕೋಣೆಗೆ ಹೋದ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಹೇಗೆ ಎಂದು ಯಜಮಾನರು ಕೇಳುತ್ತಿದ್ದಾರೆ. ಏಜೆಂಟ್ ಮತ್ತೆ ಫೋನ್ ಮಾಡಿ ಮೂಲ ಅಂಕಪಟ್ಟಿಯನ್ನೂ ತರಲು ಹೇಳಿದ್ದಾರೆ.

ಮೇಡಂ: ಮೂಲ ಅಂಕಪಟ್ಟಿ ಯಾರ ಕೈಗೂ ಕೊಡಬೇಡಿ. ಕಾಲೇಜು, ವಿಶ್ವವಿದ್ಯಾಲಯಗಳು ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿಯೇ ಹೇಳಿದೆ. ಪರಿಶೀಲಿಸಿ ಅಲ್ಲಿಯೇ ವಾಪಸು ಕೊಡಬೇಕು. ವಿಶ್ವವಿದ್ಯಾಲಯಕ್ಕೇ ಇಲ್ಲದ ಹಕ್ಕು ಏಜೆಂಟನಿಗೆ ಎಲ್ಲಿಂದ ಬಂತು?

ಬಡ್ಡಿ ಕಟ್ಟುತ್ತಾ ಹೋಗುವುದು ಒಳ್ಳೆಯ ಯೋಚನೆ, ಹಲವು ಬ್ಯಾಂಕುಗಳು ಅದಕ್ಕೆ ಶೇಕಡಾ 1 ರಿಯಾಯಿತಿಯನ್ನೂ ಕೊಡುತ್ತವೆ. ರಿಯಾಯಿತಿ ಬಿಟ್ಟು ನೋಡಿದರೆ ಮೊದಲ ವರ್ಷ ತಿಂಗಳಿಗೆ 4,125, ಎರಡನೇ ವರ್ಷ 8,250, ಮೂರನೇ ವರ್ಷ 12,375, ನಾಲ್ಕನೇ ವರ್ಷ 16,500. ನಾಲ್ಕನೇ ವರ್ಷ ಮೇಷ್ಟರ ಪಿಂಚಣಿ ಶುರುವಾಗಿರುತ್ತದೆ, ಮಗಳು ಕಾಲೇಜಿಗೆ ಸೇರಿರುತ್ತಾಳೆ. ಅದಾದ ಮೇಲೂ 18 ಲಕ್ಷದ ಅಸಲು ಹಾಗೆಯೇ ಇರುತ್ತದೆ, ಹತ್ತು ವರ್ಷಕ್ಕೆ ಕಂತು ಸುಮಾರು 24,800. ಕಡಿಮೆಯಾಯಿತು, ನಿಜ. ನಿಮ್ಮ ಮನೆಗೆ ಸಾಕಷ್ಟು ಕಡಿಮೆಯಾಗಲಿಲ್ಲ.

ಮಗನ ಜೊತೆ ನೀವಿಬ್ಬರೂ ಕುಳಿತು ಮಾತನಾಡಿ. 18 ವರ್ಷ ತುಂಬಿದವನು, ಸಾಲದ ಪತ್ರಕ್ಕೆ ಮೊದಲ ಸಹಿ ಅವನದ್ದೇ. ಈ ಅಂಕಿಗಳನ್ನು ಅವನೇ ಕೈಯಾರೆ ಬರೆಯಲಿ.

ವೈಟ್‌ಫೀಲ್ಡ್: ಎಲೆಕ್ಟ್ರಾನಿಕ್ಸ್ ಓದಿಸಿ, ಆಮೇಲೆ ಪಶ್ಚಾತ್ತಾಪ ಪಡಬೇಡಿ. ನಾನು ಇನ್ನು ಬರೆಯುವುದಿಲ್ಲ.

ತೀರ್ಥಹಳ್ಳಿ ಕಡೆಯ ತಾಯಿ: ಒಂದೇ ಪ್ರಶ್ನೆ ಎಂದಿದ್ದರು, ಕ್ಷಮಿಸಿ. ಹಾಸನದ ಸೀಟಿಗೆ ಚಾಯ್ಸ್ ಯಾವುದು ಒತ್ತಬೇಕು? ಕಂಪ್ಯೂಟರ್ ಸೈನ್ಸ್ ಮುಂದಿನ ಸುತ್ತಿನಲ್ಲಿ ಸಿಗಬಹುದೆಂದು ಮಗ ಮೂರನೆಯದನ್ನು ಒತ್ತುತ್ತೇನೆ ಎನ್ನುತ್ತಿದ್ದಾನೆ.

ಮೇಡಂ: ಮೂರನೆಯದು ಬೇಡ! ಅದನ್ನು ಒತ್ತಿದರೆ ಹಾಸನದ ಸೀಟು ಇವತ್ತೇ ಕೈಬಿಟ್ಟಿತು. ಚಾಯ್ಸ್ 2 ಒತ್ತಿ, ಸೀಟು ನಿಮ್ಮ ಹೆಸರಿನಲ್ಲಿ ಇರುವಂತೆಯೇ ಮುಂದಿನ ಸುತ್ತಿಗೆ ಹೋಗಬಹುದು. ಆದರೆ ಪಟ್ಟಿಯಲ್ಲಿ ಹಾಸನಕ್ಕಿಂತ ಮೇಲೆ ಇರುವ ಯಾವುದೇ ಆಯ್ಕೆ ಸಿಕ್ಕರೂ ಹಾಸನದ್ದು ತಾನಾಗಿ ಹೋಗುತ್ತದೆ. ಆದ್ದರಿಂದ ಒತ್ತುವ ಮೊದಲು ಮೇಲಿನ ಆಯ್ಕೆಗಳನ್ನು ಒಂದೊಂದಾಗಿ ಓದಿ. ಸಿಕ್ಕರೆ ನಿಜವಾಗಿ ಸೇರುವ, ಶುಲ್ಕ ಕಟ್ಟಬಲ್ಲ ಕಾಲೇಜುಗಳನ್ನು ಮಾತ್ರ ಉಳಿಸಿ. ಕೊನೆಯ ದಿನ ರಾತ್ರಿಯವರೆಗೆ ಕಾಯಬೇಡಿ, ಜಾಲತಾಣ ತೆರೆಯುವುದೇ ಕಷ್ಟವಾಗುತ್ತದೆ.