ಸಹಾಯ ಬೇಕು: ಲೆಕ್ಕದಲ್ಲಿ ಚುರುಕು, ಓದುವುದು ಮಾತ್ರ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ, ನೂರು ರೂಪಾಯಿಗೆ ಎಂಟು ಬಂಗುಡೆ ಆದರೆ ಇನ್ನೂರೈವತ್ತಕ್ಕೆ ಎಷ್ಟು ಅಂತ ಕೇಳಿದರೆ ಉಳಿದವರು ಬೆರಳು ಮಡಚುವಷ್ಟರಲ್ಲಿ ಇಪ್ಪತ್ತು ಅಂತಾನೆ, ಆದರೆ ಅದೇ ಲೆಕ್ಕವನ್ನು ಬೋರ್ಡಿನಲ್ಲಿ ಬರೆದರೆ ಓದಲು ಆಗುವುದಿಲ್ಲ. 'ಅಕ್ಕ' ಬರೆ ಅಂದರೆ 'ಅಕ' ಬರೆಯುತ್ತಾನೆ. ಒತ್ತಕ್ಷರ ಬಂದ ಕಡೆಯೆಲ್ಲ ಹೀಗೇ, ದೀರ್ಘವೂ ಮಾಯ. ಕಣ್ಣು, ಕಿವಿ ಪರೀಕ್ಷೆ ಆಗಿದೆ, ತೊಂದರೆ ಇಲ್ಲ. ಮನೆಯಲ್ಲಿ ತುಳು, ಅದಕ್ಕೇ ಅಂತ ಕೆಲವರು ಹೇಳುತ್ತಾರೆ. ಕ್ಲಾಸಿನ ಹೆಚ್ಚಿನ ಮಕ್ಕಳ ಮನೆಯಲ್ಲೂ ತುಳುವೇ ಅಲ್ವಾ?

ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಮಾತ್ರ ಕಷ್ಟವಾಗುವ ಕಲಿಕಾ ನ್ಯೂನತೆ, ಇರಬಹುದಾ ಅಂತ ನನ್ನ ಅನುಮಾನ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಮುಂದೆ ಎಸೆಸೆಲ್ಸಿಯಲ್ಲೂ ಅನುಕೂಲ.

ಉಡುಪಿ, ಮಣಿಪಾಲ ಅಥವಾ ಮಂಗಳೂರಿನಲ್ಲಿ ಕನ್ನಡದಲ್ಲೇ ಓದಿಸಿ, ಬರೆಸಿ ಅಸೆಸ್‌ಮೆಂಟ್ ಮಾಡುವವರು ಯಾರಿದ್ದಾರೆ? ಇಂಗ್ಲಿಷ್ ಪ್ಯಾಸೇಜ್ ಕೊಟ್ಟು ನೋಡಿದರೆ ಏನು ಪ್ರಯೋಜನ ಹೇಳಿ. ಖರ್ಚು ಎಷ್ಟು? ಬಿಆರ್‌ಸಿಯ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕರ ಮೂಲಕ ಹೋದರೆ ಬೇಗ ಆಗುತ್ತದಾ? ತಾಯಿ ಮೀನು ಮಾರುವವರು, ಒಂದು ದಿನ ಆಸ್ಪತ್ರೆಗೆ ಬಂದರೆ ಆ ದಿನದ ದುಡಿಮೆ ಹೋಯಿತು, ಹಾಗಾಗಿ ಅವರನ್ನು ಸುಮ್ನೆ ಓಡಾಡಿಸಲು ಇಷ್ಟವಿಲ್ಲ. ಮಗ ದಡ್ಡ ಅಂತ ಟೀಚರ್ ಹೇಳುತ್ತಿದ್ದಾರೆ ಅಂದುಕೊಳ್ಳದ ಹಾಗೆ ಅವರಿಗೆ ವಿಷಯ ಹೇಳುವುದು ಹೇಗೆ, ಅದನ್ನೂ ತಿಳಿಸಿ.

ಸದ್ಯಕ್ಕೆ ಪ್ರಶ್ನೆ ಓದಿ ಹೇಳಿ ಬಾಯಲ್ಲೇ ಉತ್ತರ ಕೇಳುತ್ತಿದ್ದೇನೆ. ಒತ್ತಕ್ಷರ ಕಲಿಸಲು ಯಾರಾದರೂ ಬೇರೆ ದಾರಿ ಹಿಡಿದಿದ್ದರೆ ದಯವಿಟ್ಟು ಬರೆಯಿರಿ. ಹುಡುಗನ ಹೆಸರು, ಶಾಲೆ ಕೇಳಬೇಡಿ.