ಮಗ ದೃಢೀಕರಣ ಬೇಡ ಅಂತಿದ್ದಾನೆ, ಏನು ಹೇಳಲಿ?

ಹುಬ್ಬಳ್ಳಿ ಅಮ್ಮ, ಟೊರಾಂಟೊ: ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಮಗನಿಗೆ 15 ವರ್ಷ. ಈಸ್ಟರ್ ಕಳೆದ ಮೇಲೆ ಚರ್ಚಿನಲ್ಲಿ ದೃಢೀಕರಣ (ಕನ್ಫರ್ಮೇಶನ್), ಅಂದರೆ ತನ್ನ ನಂಬಿಕೆಯನ್ನು ತಾನೇ ಒಪ್ಪಿ ಹೇಳುವ ವಿಧಿ, ಆಗಬೇಕು. ಮೊನ್ನೆ ಊಟಕ್ಕೆ ಕೂತಾಗ ಚಪಾತಿ ಮುರಿಯುತ್ತಾ ಕೇಳಿದ: "ಅಮ್ಮಾ, ನೀನು ಹಿಂದೂ ಮನೆಯಲ್ಲಿ ಹುಟ್ಟಿದ್ದರೆ ಯೇಸುವನ್ನು ನಂಬ್ತಿದ್ದೆಯಾ?" ಉತ್ತರ ಹೊಳೆಯಲಿಲ್ಲ. "ಹಾಗೆಲ್ಲ ಕೇಳಬಾರದು" ಅಂದುಬಿಟ್ಟೆ. ಅವನು ತಟ್ಟೆ ತೊಳೆದಿಟ್ಟು ರೂಮಿಗೆ ಹೋದ. ಮಾತು ಎಲ್ಲಿಂದ ಶುರು ಮಾಡಲಿ?

ಧಾರವಾಡದವನು, ಮೆಲ್ಬರ್ನ್: ಅಕ್ಕಾ, ಸಂಡೇ ಸ್ಕೂಲಿನಲ್ಲಿ ದೊಡ್ಡ ಹುಡುಗರಿಗೆ ಪಾಠ ಹೇಳ್ತೀನಿ. ಯಾಕೆ ನಂಬ್ತೀವಿ ಅಂತ ಹೇಳೋಕೆ ದಾರಿ ಒಂದೇ ಇಲ್ಲ. ಮೊದಲು ದೇವರಿದ್ದಾನೆ ಅಂತ ತರ್ಕದಿಂದ ತೋರಿಸಿ, ಆಮೇಲೆ ಯೇಸುವಿನ ಮಾತಿಗೆ ಬರುವುದು 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಹಿಡಿದ ದಾರಿ. ಕೆಲವರು ನೇರ ಚರಿತ್ರೆಗೆ ಹೋಗ್ತಾರೆ. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ನೋಡಿ. ಎದ್ದುಬಂದ ಯೇಸುವನ್ನು 500ಕ್ಕಿಂತ ಜಾಸ್ತಿ ಜನ ಒಟ್ಟಿಗೆ ಕಂಡರು, ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತಾನೆ ಪೌಲ. ಯೇಸುವನ್ನು ಶಿಲುಬೆಗೇರಿಸಿ ಸುಮಾರು 20-25 ವರ್ಷಕ್ಕೆ ಬರೆದದ್ದು ಅದು. ಫಿಲಡೆಲ್ಫಿಯಾದಲ್ಲಿ ದೈವಶಾಸ್ತ್ರ ಕಲಿಸುತ್ತಿದ್ದ ವ್ಯಾನ್ ಟಿಲ್ ಮಾತ್ರ, ದೇವರಿಲ್ಲದೆ ತರ್ಕವೇ ನಿಲ್ಲುವುದಿಲ್ಲ, ಅಲ್ಲಿಂದಲೇ ಹೊರಡಿ ಅಂದರು. ನನಗೆ ಹಿಡಿಸಿದ್ದು ಅಮೆರಿಕದ ತತ್ವಜ್ಞಾನಿ ಪ್ಲಾಂಟಿಂಗ. ಎದುರಿಗಿರುವವರಿಗೂ ಒಂದು ಮನಸ್ಸಿದೆ ಅಂತ ಸಾಬೀತು ಮಾಡಿಕೊಂಡು ನಂಬ್ತೀವಾ? ಇಲ್ಲ ಅಲ್ವಾ? ದೇವರ ನಂಬಿಕೆಯೂ ಹಾಗೇ ಅಂತಾರೆ ಅವರು.

ನಿಮ್ಮ ಮಗ ಕೇಳಿದ್ದು ಬೇರೆ. ನಂಬಿಕೆ ಎಲ್ಲಿಂದ ಬಂತು ಅನ್ನೋದು ಒಂದು, ಅದು ನಿಜವಾ ಅನ್ನೋದು ಇನ್ನೊಂದು. ಇಷ್ಟನ್ನು ಮೊದಲು ಬಿಡಿಸಿ ಹೇಳಿ.

ಬಲ್ಮಠದ ಅಂಕಲ್, ನ್ಯೂಜೆರ್ಸಿ: ಇದೆಲ್ಲ ಪುಸ್ತಕದ ಬದನೆಕಾಯಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ನಂಬಿದ ನಮ್ಮ ಹಿರಿಯರು ಮನೆ, ನೆಂಟರು, ಜಾತಿ ಎಲ್ಲ ಕಳೆದುಕೊಂಡರು. ಅವರಿಗೆ ಯಾವ ಅಕ್ವಿನಾಸ್ ಗೊತ್ತಿತ್ತು? ಮನೆಯಲ್ಲಿ ಸಂಜೆ ಪ್ರಾರ್ಥನೆ ಇದೆಯಾ, ಅದನ್ನು ಹೇಳು ತಂಗಿ. ಭಾನುವಾರ ಆಟ, ಟ್ಯೂಷನ್ ಅಂತ ಆರಾಧನೆ ತಪ್ಪಿಸುವವರೇ ಇಲ್ಲಿ ಜಾಸ್ತಿ. ನನ್ನ ಮೂವರು ಮಕ್ಕಳೂ ದಿನಾ ಮೊಣಕಾಲೂರಿ ಬೆಳೆದವರು. ಒಬ್ಬ ಈಗ ಸಭಾಪಾಲಕ.

ಸಿಡ್ನಿಯಿಂದ: ಅಂಕಲ್ ಹೇಳಿದ್ದೇ ಸರಿ. ಆಮೆನ್. ನೀವೆಲ್ಲ ಎಷ್ಟು ಗಂಟೆಗೆ ಪ್ರಾರ್ಥನೆಗೆ ಕೂರ್ತೀರಿ?

ಲಂಡನ್‌ನಿಂದ: ನಮ್ಮ ಮನೆಯಲ್ಲಿ ಒಂದು ದಿನವೂ ಪ್ರಾರ್ಥನೆ ತಪ್ಪಿರಲಿಲ್ಲ ಅಂಕಲ್. ಅತ್ತೆ ಕ್ಯಾನ್ಸರ್‌ನಿಂದ ನರಳುತ್ತಿದ್ದ ವರ್ಷ ಮಗಳಿಗೆ 17. "ಅಜ್ಜಿಗೇ ಯಾಕೆ?" ಅಂದಳು. "ಸುಮ್ನೆ ನಂಬು" ಅಂದೆ. ಈಗಲೂ ಕ್ರಿಸ್‌ಮಸ್‌ಗೆ ಬರ್ತಾಳೆ, ನನ್ನ ಜೊತೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಕರೀತಾಳೆ. ಚರ್ಚ್ ಬಾಗಿಲವರೆಗೆ ನನ್ನನ್ನು ಬಿಟ್ಟು ಕಾರಿನಲ್ಲೇ ಕೂತಿರ್ತಾಳೆ.

ಬಲ್ಮಠದ ಅಂಕಲ್, ನ್ಯೂಜೆರ್ಸಿ: ಪ್ರಾರ್ಥನೆ ಬಾಯಿಪಾಠ ಆಗಿತ್ತೋ ಏನೋ. ನಾವು ಏಳೂವರೆಗೆ ಕೂರ್ತೀವಿ, ಫೋನ್ ಎಲ್ಲ ಬಂದ್.

ಧಾರವಾಡದವನು, ಮೆಲ್ಬರ್ನ್: ಅಂಕಲ್, ನಿಮ್ಮದೇ ಮಂಗಳೂರಿನ ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣರ ಮನೆಯವರು. ಮಿಷನ್ ಶಾಲೆಯಲ್ಲಿ ಓದಿ 1844ರಲ್ಲಿ ದೀಕ್ಷಾಸ್ನಾನ ಪಡೆದರು. ಅಕ್ಕಾ, ಮಗನಿಗೆ ಅವರ ಕಥೆ ಹೇಳಿ. ಅವನು ಕೇಳಿದ್ದಕ್ಕೆ ನೇರ ಉತ್ತರ ಅದು.

ಹುಬ್ಬಳ್ಳಿ ಅಮ್ಮ, ಟೊರಾಂಟೊ: ಹೇಳಿದೆ. ನಿನ್ನೆ 15ನೇ ಅಧ್ಯಾಯವನ್ನೂ ಓದಿದೆವು. ಅವನು ಇಂಗ್ಲಿಷ್‌ನಲ್ಲಿ, ನಾನು ಅಮ್ಮನ ಹಳೇ ಸತ್ಯವೇದದಲ್ಲಿ. 500 ಜನ ಅನ್ನೋ ಕಡೆ ಬೆರಳಿಟ್ಟು, "ಇವರ ಹೆಸರು ಯಾಕಿಲ್ಲ?" ಅಂದ.

ಧಾರವಾಡದವನು, ಮೆಲ್ಬರ್ನ್: ಆ ಐನೂರು ಜನರ ಹೆಸರಿಲ್ಲ, ನಿಜ. ಹಾಗೇ ಒಪ್ಪಿಕೊಳ್ಳಿ. ಆದರೆ ಕೇಫ, ಯಾಕೋಬ ಇಬ್ಬರ ಹೆಸರೂ ಅಲ್ಲೇ ಇದೆ. ಕೇಫ ಅಂದರೆ ಯೇಸುವಿನ ಶಿಷ್ಯ ಪೇತ್ರ. ಗಲಾತ್ಯದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ ತೆಗೀರಿ. ಪೌಲ ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ 15 ದಿನ ಇದ್ದ, ಯಾಕೋಬನನ್ನೂ ಕಂಡ. ಅಂದರೆ ಹೆಸರಿರುವ ಇಬ್ಬರನ್ನೂ ಪೌಲ ಮುಖತಃ ಬಲ್ಲ. ಇವತ್ತು ಅದನ್ನು ಅವನ ಕೈಯಲ್ಲೇ ಓದಿಸಿ.