ಸಹಾಯ ಬೇಕು: ಆಂಪ್ಲಿಫೈಯರ್‌ನ ಎಡ ಚಾನೆಲ್ ಸಣ್ಣ ದನಿಯಲ್ಲಿ ಬರ್ತಿಲ್ಲ
ಹಳೆಯ ಸ್ಟೀರಿಯೊ ಆಂಪ್ಲಿಫೈಯರ್, 8 ಓಮ್ ಸ್ಪೀಕರ್‌ಗಳು. ವಾಲ್ಯೂಮ್ ಕಡಿಮೆ ಇದ್ದಾಗ ಎಡಗಡೆ ಬರೀ ಕರಕರ. ಏರಿಸಿದರೆ ಟಕ್ ಅಂತ ಸರಿಹೋಗುತ್ತೆ. ಸ್ಪೀಕರ್ ವೈರ್ ಅದಲುಬದಲು ಮಾಡಿದರೆ ತೊಂದರೆ ಇನ್ನೊಂದು ಸ್ಪೀಕರ್‌ಗೆ ಹೋಗುತ್ತೆ, ಆಂಪ್ಲಿಫೈಯರ್‌ಗೆ ಹಾಡು ತರೋ ಆರ್‌ಸಿಎ ಕೇಬಲ್ ಬದಲಿಸಿದರೆ ಏನೂ ವ್ಯತ್ಯಾಸವಿಲ್ಲ. ಹೆಡ್‌ಫೋನ್‌ನಲ್ಲಿ ಎರಡೂ ಕಡೆ ಸ್ವಚ್ಛ. ಹಾಗಾಗಿ ಸ್ಪೀಕರ್ ರಿಲೇಯ (ಸ್ಪೀಕರ್‌ಗೆ ಸಂಪರ್ಕ ಕೊಡೋ ವಿದ್ಯುತ್ ಸ್ವಿಚ್) ಕಾಂಟ್ಯಾಕ್ಟ್ ಕಪ್ಪಾಗಿದೆ ಅನ್ನೋ ಅನುಮಾನ. ಔಟ್‌ಪುಟ್‌ನಲ್ಲಿ ಡಿಸಿ 15 ಮಿಲಿವೋಲ್ಟ್ ಅಷ್ಟೇ, ಅದು ಸರಿಯಾಗೇ ಇದೆ.

ಮರಳು ಕಾಗದದಿಂದ ಉಜ್ಜಿ ಅನ್ನಬೇಡಿ, ಬೆಳ್ಳಿ ಲೇಪ ಹೋಗಿ ಮತ್ತೆ ಬೇಗ ಕೆಡುತ್ತೆ. 24 ವೋಲ್ಟ್ ಕಾಯಿಲ್, ಎರಡು ಪೋಲ್, 5 ಆಂಪಿಯರ್ ರಿಲೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸಲಿ ಸಿಗುತ್ತಾ? ಪಿನ್ ಅಂತರ ಹೊಂದಬೇಕು. ಬದಲಿಸಿದವರು ದಯವಿಟ್ಟು ತಿಳಿಸಿ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳಲ್ಲಿ 1 ವೋಲ್ಟ್‌ಗಿಂತ ಕಡಿಮೆ ಉಳಿದಿದೆ ಅಂತ ಮೀಟರ್‌ನಲ್ಲಿ ನೋಡಿಯೇ ಬೆಸುಗೆಗೆ ಕೈ ಹಾಕೋದು.